ಪಟ್ಟಣದ ಕ್ಷೇಮ, ನಮ್ಮ ಓಟು

2024ರ ಏಪ್ರಿಲ್ 26ಕ್ಕೆ ಬೆಂಗಳೂರಿನಲ್ಲಿ ಲೋಕಸಭೆಯ ಮತದಾನ. ಅದಕ್ಕೆ ಮುಂಚಿನ ಭಾನುವಾರ ನಮ್ಮ ಚರ್ಚಿಗೆ ಒಂದು ಪಕ್ಷದವರು ಬಂದಿದ್ದರು. ಆರಾಧನೆ ಮುಗಿದ ಮೇಲೆ ಎರಡೇ ನಿಮಿಷ ಮೈಕ್ ಕೊಡಿ ಅಂತ ಕೇಳಿದರು. ಚರ್ಚಿನ ಪಾದ್ರಿ ಅಯ್ಯನವರು ಒಪ್ಪಲಿಲ್ಲ. "ಪ್ರಾರ್ಥನೆಗೆ ಬನ್ನಿ, ಕೂತ್ಕೊಳ್ಳಿ. ಪ್ರಚಾರ ಮಾತ್ರ ಇಲ್ಲಿ ಬೇಡ" ಎಂದರು. ಚುನಾವಣೆಯ ನೀತಿ ಸಂಹಿತೆಯೂ ಅದನ್ನೇ ಹೇಳುತ್ತದೆ. ಗುಡಿ, ಮಸೀದಿ, ಚರ್ಚು ಯಾವುದೂ ಪ್ರಚಾರದ ಜಾಗ ಆಗಬಾರದು. ನನಗೆ ತುಂಬ ಸಮಾಧಾನವಾಯಿತು.

ಆದರೆ ರಾಜಕೀಯ ಕಾಂಪೌಂಡಿನಲ್ಲೇ ಕಾಯುತ್ತಿತ್ತು. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು, "ಸ್ಮಶಾನಕ್ಕೆ ಜಾಗ ಕೊಡಿಸೋರಿಗೇ ನಮ್ಮ ಓಟು" ಎಂದರು. ಆ ಮಾತನ್ನು ತಳ್ಳಿಹಾಕಲಾರೆ. ಜಾಗ ಸಾಲದೆ ಹಳೆಯ ಸಮಾಧಿಯನ್ನೇ ಮತ್ತೆ ತೆಗೆಯುವ ಸಂಕಟ ನಮ್ಮ ಮನೆಗಳಿಗೆ ಗೊತ್ತು. 2022ರಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದಾಗ ಮನೆಯಲ್ಲಿ ಪ್ರಾರ್ಥನೆಗೆ ಸೇರಲೂ ಅಳುಕಿದವರಿದ್ದಾರೆ.

ಆದರೂ ನಮ್ಮ ಓಟು ಅಲ್ಲಿಗೇ ಮುಗಿಯಬೇಕಾ? ಬೈಬಲಿನಲ್ಲಿ ಯೆರೆಮೀಯನ ಗ್ರಂಥದ 29ನೇ ಅಧ್ಯಾಯ ನನ್ನನ್ನು ಬಿಡುವುದಿಲ್ಲ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದ ತನ್ನ ಯೆಹೂದಿ ಜನರಿಗೆ ಪ್ರವಾದಿ ಯೆರೆಮೀಯ ಕಾಗದ ಬರೆಯುತ್ತಾನೆ. ಆ ಪಟ್ಟಣದ ಕ್ಷೇಮ ಹಾರೈಸಿ, ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಅನ್ನುತ್ತಾನೆ. ಸೆರೆ ಹಿಡಿದವರ ಊರಿಗೇ ಹಾಗೆ ಹಾರೈಸಬೇಕಾದರೆ, ನಾವು ಹುಟ್ಟಿ ಬೆಳೆದ ಬೆಂಗಳೂರಿಗೆ ಇನ್ನೆಷ್ಟು!

ಆ ಬೇಸಿಗೆ ನೆನಪಿದೆ ಅಲ್ವಾ? ಊರಿನ ಎಷ್ಟೋ ಕಡೆ ಬೋರ್‌ವೆಲ್ ಬತ್ತಿತ್ತು. ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ.

"ಅಂಕಲ್, ನೀರಿನ ವಿಷಯಾನೂ ಕೇಳೋಣ. ಪಕ್ಕದ ಗಲ್ಲಿಯವರು ದಿನಾ ಕೊಡ ಹಿಡ್ಕೊಂಡು ನಿಂತಿರ್ತಾರೆ" ಎಂದೆ ಆ ಹಿರಿಯರಿಗೆ.

"ಅವರು ನಮ್ಮ ಸಭೆಯವರಲ್ಲ. ಅಲ್ದೆ ಎಂಪಿ ನೀರಿಗೇನು ಮಾಡ್ತಾರಪ್ಪ?"

ಎರಡನೇ ಪ್ರಶ್ನೆ ಸರಿಯೇ. ನೀರು, ಚರಂಡಿ ಅಂತ ಮೊದಲು ಓಡುತ್ತಿದ್ದದ್ದು ಕಾರ್ಪೊರೇಟರ್ ಮನೆಗೆ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಊರಿಗೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ಹಾಗಾಗಿ ಓಟು ಕೇಳಿ ಬಂದವರನ್ನೇ ಕೇಳಬೇಕಿತ್ತು, ಪಾಲಿಕೆ ಚುನಾವಣೆ ಯಾವಾಗ ಅಂತಲೂ ಕೇಳಬೇಕಿತ್ತು. ಮೊದಲನೆಯದಕ್ಕೆ, "ಬಾಬೆಲಿನವರೂ ಅವರ ಸಭೆಯವರಾಗಿರಲಿಲ್ಲ ಅಂಕಲ್" ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಪಕ್ಷದವರು ಗೇಟಿನ ಹೊರಗೆ ಇನ್ನೂ ಇದ್ದರು. ಇಬ್ಬರೂ ಹೋದೆವು. ಸ್ಮಶಾನದ ಮಾತಿಗೆ ಅವರ ಬಳಿ ಉತ್ತರ ತಯಾರಿತ್ತು. ನೀರಿನ ಮಾತೆತ್ತಿದಾಗ ಒಬ್ಬ ಹುಡುಗ, "ಅದು ಚರ್ಚಿನ ವಿಷಯ ಅಲ್ವಲ್ಲ ಸಾರ್" ಎಂದ.

"ಚರ್ಚಿನ ವಿಷಯಾನೇ ಕಣಪ್ಪ, ಬರ್ಕೋ" ಎಂದು ಅಂಕಲ್ ಪಕ್ಕದ ಗಲ್ಲಿಯ ಹೆಸರು ಹೇಳಿದರು.