ಬೂಟಿನೊಳಗೆ ನೀರು ಹೋದ ಮೇಲೆ ಏನು?

ನಡಿಗೆಗೆ ಬೂಟು ಕೊಳ್ಳುವಾಗ ತುಂಬಾ ವರ್ಷ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಇದು ವಾಟರ್‌ಪ್ರೂಫಾ? ಹೌದು ಅಂದರೆ ಮುಗಿಯಿತು, ತೆಗೆದುಕೊಂಡು ಬರುತ್ತಿದ್ದೆ.

ಆಮೇಲೆ ಒಮ್ಮೆ ಎರಡು ದಿನ ಬಿಡದೆ ಸುರಿದ ಮಳೆಯಲ್ಲಿ ನಡೆದೆ. ಮೊದಲ ಎರಡು ಗಂಟೆ ಕಾಲು ಬೆಚ್ಚಗೇ ಇತ್ತು. ನಂತರ ಪ್ಯಾಂಟಿನಿಂದ ಇಳಿದ ನೀರು ಸಾಕ್ಸ್ ಹಿಡಿದುಕೊಂಡು ಮೇಲಿನ ಬಾಯಿಯಿಂದಲೇ ಬೂಟಿನೊಳಗೆ ಸೇರಿತು. ಸಂಜೆ ಬಿಚ್ಚಿ ತಲೆಕೆಳಗು ಮಾಡಿದರೆ ಧಾರೆಯಾಗಿ ಸುರಿಯಿತು. ಪಾದ ಪೂರ್ತಿ ಬಿಳಿಚಿಕೊಂಡಿತ್ತು, ಸಾಕ್ಸಿನ ಹೆಣಿಗೆಯ ಗೆರೆಗಳು ಅಂಗಾಲಿನ ಮೇಲೆ ಅಚ್ಚು ಹಾಕಿದ ಹಾಗೆ ಮೂಡಿದ್ದವು, ಹಿಮ್ಮಡಿಯ ಚರ್ಮ ಮುಟ್ಟಿದರೆ ಸುಲಿದು ಬರುವಷ್ಟು ಮೆತ್ತಗಾಗಿತ್ತು. ಮಾರನೇ ಬೆಳಿಗ್ಗೆ ಆ ಬೂಟು ಹಾಗೇ ಒದ್ದೆ. ಹೊರಗಿನ ನೀರನ್ನು ತಡೆಯಲು ಇಟ್ಟ ಪೊರೆ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ, ಅಲ್ವಾ? ಇಷ್ಟು ಸರಳ ವಿಷಯ ಅವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ.

ಈ ಪೊರೆಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಬೂಟಿನ ಆಯ್ಕೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ. ಅಮೆರಿಕದ ಬಾಬ್ ಗೋರ್ 1969ರಲ್ಲಿ ಕಾಯಿಸಿದ ಪಿಟಿಎಫ್‌ಇ (ಟೆಫ್ಲಾನ್ ಅನ್ನುವ ಪ್ಲಾಸ್ಟಿಕ್) ಕಡ್ಡಿಯೊಂದನ್ನು ರಪ್ಪನೆ ಎಳೆದಾಗ ಅದು ತುಂಡಾಗದೆ ಹಿಗ್ಗಿತು, ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾದವು. ಇಂಥ ಪೊರೆಗಳಲ್ಲಿ ಹೆಸರಾದ ಗೋರ್‌ಟೆಕ್ಸ್ ಹುಟ್ಟಿದ್ದು ಹಾಗೆ. ಆ ರಂಧ್ರದಲ್ಲಿ ನೀರಿನ ಹನಿ ತೂರುವುದಿಲ್ಲ, ಬೆವರಿನ ಆವಿ ಮಾತ್ರ ಹೊರಗೆ ಹೋಗುತ್ತದೆ. ಆದರೆ ಆವಿ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ತಣ್ಣಗೆ, ಒಣಗಿರಬೇಕು. ಸೆಕೆಯ ದಿನ, ಗಾಳಿಯೂ ತೇವ, ಬೂಟಿನ ಮೇಲ್ಮೈಯೂ ನೀರು ಕುಡಿದಿದೆ ಅನ್ನುವಾಗ ಬೆವರು ಎಲ್ಲಿಗೆ ಹೋಗಬೇಕು? ಮಳೆ ಒಂದು ಹನಿಯೂ ಒಳಗೆ ಬರದಿದ್ದರೂ ಸಾಕ್ಸ್ ಒದ್ದೆಯಾಗುತ್ತದೆ.

ಹಾಗಾಗಿ ಈಗ ನಾನು ಮೊದಲು ಕೇಳುವುದು ಬೇರೆ ಪ್ರಶ್ನೆ. ನೀರು ಒಳಗೆ ಹೋದರೆ ಅದು ಎಷ್ಟು ಬೇಗ ಹೊರಗೆ ಬರುತ್ತದೆ?

ಬೆಚ್ಚಗಿನ ಮಳೆಗಾಲಕ್ಕೆ, ಹೊಳೆ ದಾಟುವ ದಾರಿಗೆ ಪೊರೆಯಿಲ್ಲದ, ಜಾಲರಿ ಬಟ್ಟೆಯ ಹಗುರ ಶೂ ನನ್ನ ಆಯ್ಕೆ. ಕಾಲು ಒದ್ದೆಯಾಗುತ್ತದೆ, ಅದನ್ನು ಒಪ್ಪಿಕೊಂಡೇ ಹೊರಡಬೇಕು. ಆದರೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ನೀರು ಪಿಚಕ್ ಪಿಚಕ್ ಅಂತ ಹೊರಗೆ ಬರುತ್ತದೆ, ಮಳೆ ನಿಂತ ಮೇಲೆ ನಡೆಯುತ್ತಲೇ ಒಣಗುತ್ತದೆ. ಜೊತೆಗೆ ಉಣ್ಣೆಯ ಸಾಕ್ಸ್ ಇರಲಿ, ಬ್ಯಾಗಿನಲ್ಲಿ ಒಂದು ಒಣ ಜೊತೆ ಇರಲಿ. ಹತ್ತಿಯ ಸಾಕ್ಸ್ ಮಾತ್ರ ಬೇಡವೇ ಬೇಡ. ಅದು ನೀರು ಕುಡಿದು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಚರ್ಮಕ್ಕೆ ಉಜ್ಜಿ ಉಜ್ಜಿ ಬೊಬ್ಬೆ ಎಬ್ಬಿಸುತ್ತದೆ.

ಕೊರೆಯುವ ಚಳಿಯಲ್ಲಿ ಬರುವ ಮಳೆಯ ಮಾತೇ ಬೇರೆ. ಅಲ್ಲಿ ಒದ್ದೆ ಕಾಲು ಅಪಾಯ. ಪೊರೆಯ ಬೂಟು ಅಥವಾ ಮೇಣ ತಿಕ್ಕಿದ ದಪ್ಪ ಚರ್ಮದ ಬೂಟು ಬೇಕೇ ಬೇಕು, ಮೇಲಿನಿಂದ ನೀರು ಇಳಿಯದಂತೆ ಮೊಣಕಾಲಿನ ಕೆಳಗೆ ಗೇಟರ್, ಅಂದರೆ ಬೂಟಿನ ಬಾಯಿ ಮುಚ್ಚುವ ಕಾಲುಗವಸು ಕೂಡ. ಹಿಮದ ಮೇಲೆ ಪೊರೆ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಹೊರಗೆ ತಂಪು, ಒಳಗೆ ಬಿಸಿ. ಚಳಿಗೆಂದು ಎರಡೆರಡು ದಪ್ಪ ಸಾಕ್ಸ್ ಹಾಕಿ ಬೂಟನ್ನು ಬಿಗಿ ಮಾಡಿಕೊಳ್ಳುವವರನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಗಿಯಾದರೆ ರಕ್ತ ಸರಿಯಾಗಿ ಓಡುವುದಿಲ್ಲ, ಬೆರಳು ಇನ್ನೂ ಜಾಸ್ತಿ ತಣ್ಣಗಾಗುತ್ತದೆ. ಚಳಿಗಾಲದ ಬೂಟು ಅರ್ಧ ಸೈಜು ದೊಡ್ಡದಿರಲಿ, ಒಳಗೆ ಬೆರಳು ಆಡಿಸಲು ಜಾಗ ಬೇಕು. ಮಂಜುಗಡ್ಡೆ ಹತ್ತಲು ಬೂಟಿನ ಅಡಿಗೆ ಕ್ರ್ಯಾಂಪಾನ್ (ಲೋಹದ ಮುಳ್ಳುಗಳ ಚೌಕಟ್ಟು) ಕಟ್ಟುವ ಯೋಚನೆ ಇದ್ದರೆ ಬಿ1, ಬಿ2, ಬಿ3 ಅಂತ ಗಡಸುತನದ ದರ್ಜೆ ನೋಡಿ. ಮೆತ್ತಗೆ ಬಾಗುವ ಬೂಟಿಗೆ ಕಟ್ಟಿದರೆ ಅದು ಕಳಚಿಕೊಳ್ಳುತ್ತದೆ.

ಬೇಸಿಗೆಗೆ ಹಗುರವಾದದ್ದು, ಗಾಳಿ ಆಡುವಂಥದ್ದು. ಅಷ್ಟೇ. ಕಾಲಿನ ಮೇಲಿನ ಭಾರ ಬೆನ್ನಿನ ಮೇಲಿನ ಭಾರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ದಣಿಸುತ್ತದೆ, ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಮುಂದೆ ಇಡಬೇಕಲ್ಲ.

ಇನ್ನು ಅಟ್ಟೆ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಕೆಟ್ಟ ಹವೆಗೆ ಸಿಕ್ಕಿ ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಾಮನಿಯ ಆರು ಜೊತೆಗಾರರು ತೀರಿಕೊಂಡರು. ಅವರ ಕಾಲಿನಲ್ಲಿ ಅಂಥ ಹವೆಗೆ ತಕ್ಕ ಬೂಟು ಇರಲಿಲ್ಲ ಅನ್ನುವುದು ಆತನನ್ನು ಕಾಡಿತು, ಎರಡು ವರ್ಷದಲ್ಲಿ ಆಳವಾದ ಹಲ್ಲುಗಳ ರಬ್ಬರ್ ಅಟ್ಟೆ ಮಾಡಿದ. ಅದೇ ಇವತ್ತಿನ ವೈಬ್ರಮ್ ಅನ್ನುವ ಹೆಸರಿನ ಅಟ್ಟೆ. ಅಟ್ಟೆ ತಿರುಗಿಸಿ ನೋಡುವಾಗಲೆಲ್ಲ ನನಗೆ ಆ ಆರು ಜನ ನೆನಪಾಗುತ್ತಾರೆ. ಕೆಸರಿಗೆ ಹಲ್ಲುಗಳು ಆಳವಾಗಿ, ದೂರ ದೂರ ಇರಬೇಕು, ಇಲ್ಲದಿದ್ದರೆ ಮಣ್ಣು ಮೆತ್ತಿಕೊಂಡು ಅಟ್ಟೆ ಸಪಾಟಾಗುತ್ತದೆ. ಒದ್ದೆ ಬಂಡೆಗೆ ಮೆತ್ತನೆಯ ರಬ್ಬರ್ ಒಳ್ಳೆಯದು, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ವರ್ಷಗಟ್ಟಲೆ ಬಾಳುತ್ತದೆ, ಒದ್ದೆಯಲ್ಲಿ ಜಾರುತ್ತದೆ. ಪಾಚಿಯ ಮೇಲೆ ಯಾವುದನ್ನೂ ನಂಬಬೇಡಿ.

ಅಳತೆ ನೋಡಲು ಸಂಜೆ ಹೋಗಿ, ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ದಿನವಿಡೀ ನಡೆದಾಗಲೂ ಹಾಗೇ ಊದುತ್ತದೆ. ನಡೆಯುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಲೇಸು ಬಿಗಿಯುವ ಮುಂಚೆ ಪಾದವನ್ನು ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗಬೇಕು. ಬಿಗಿದ ಮೇಲೆ ಇಳಿಜಾರಿನಲ್ಲೋ ಮೆಟ್ಟಿಲಿನಲ್ಲೋ ಇಳಿದು ನೋಡಿ. ಹೆಬ್ಬೆರಳು ತುದಿಗೆ ತಾಗಿತಾ, ಆ ಬೂಟು ಬಿಟ್ಟುಬಿಡಿ, ಎಷ್ಟೇ ಚೆಂದ ಕಂಡರೂ. ಉದ್ದದ ಇಳಿತದಲ್ಲಿ ಉಗುರು ಕಪ್ಪಾಗುವುದು ಖಂಡಿತ.

ಕೊನೆಗೆ, ಹಳೆಯ ಬೂಟು ಎತ್ತಿಟ್ಟಿರುವವರಿಗೆ ಒಂದು ಮಾತು. ನಾನು ಹಿಮಕ್ಕೆಂದು ಕೊಂಡ ಬೂಟನ್ನು ನಾಲ್ಕೈದು ಸಲ ಹಾಕಿ, ಒರೆಸಿ, ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದೆ. ಆರು ವರ್ಷದ ನಂತರ ಹಾಕಿಕೊಂಡು ಹೊರಟೆ. ಮೂರನೇ ಗಂಟೆಗೆ ಬಲಗಾಲಿನ ಅಟ್ಟೆ ಚಪ್ಪಲಿಯ ಹಾಗೆ ಪಟಪಟ ಬಡಿಯತೊಡಗಿತು. ಬಗ್ಗಿ ನೋಡಿದರೆ ಚರ್ಮಕ್ಕೂ ಅಟ್ಟೆಗೂ ನಡುವಿನ ಪದರ ಒಣ ಮಣ್ಣಿನ ಹೆಂಟೆಯಂತೆ ಪುಡಿಯಾಗಿ ಉದುರುತ್ತಿತ್ತು. ಆ ಪದರ ಪಾಲಿಯುರೆಥೇನ್. ಗಾಳಿಯಲ್ಲಿರುವ ತೇವ ಸುಮ್ನೆ ಇಟ್ಟ ಬೂಟಿನಲ್ಲೂ ಅದನ್ನು ನಿಧಾನವಾಗಿ ತಿನ್ನುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಇನ್ನೂ ಬೇಗ. ಎರಡು ಬೂಟಿಗೂ ಹಗ್ಗ ಸುತ್ತಿ ಕಟ್ಟಿಕೊಂಡು, ನಿಂತು ನಿಂತು ಅದನ್ನು ಮತ್ತೆ ಬಿಗಿಯುತ್ತಾ ವಾಪಸ್ ಬಂದೆ. ಈಗ ಹೊರಡುವ ವಾರಕ್ಕೆ ಮೊದಲೇ ಬೂಟು ಹೊರಗೆ ತೆಗೆದು, ಆ ಪದರವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಸಣ್ಣ ಬಿರುಕು ಕಂಡರೂ ಹಾಕಿಕೊಳ್ಳುವುದಿಲ್ಲ.