ಒಂದು ಲಕ್ಷ ಪಟ್ಟು ತೆಳು ಮಾಡಿದ ಸೀರಂ

ನಮ್ಮ ಲ್ಯಾಬಿನಲ್ಲಿ ಈಗ ಎಲೈಸಾ ಕಿಟ್ಟಿನಿಂದ (ಪ್ರೋಟೀನು ಎಷ್ಟಿದೆ ಅಂತ ಬಣ್ಣದ ಗಾಢತೆಯಿಂದ ತಿಳಿಸುವ ಕಿಟ್) ಆಲ್ಫಾ-1 ಆಂಟಿಟ್ರಿಪ್ಸಿನ್ ಅಳೆಯುತ್ತಿದ್ದೇವೆ. ಲಿವರ್ ತಯಾರಿಸಿ ರಕ್ತಕ್ಕೆ ಬಿಡುವ ಪ್ರೋಟೀನು ಇದು. ಸೋಂಕಿನ ಜೊತೆ ಹೋರಾಡುವಾಗ ಬಿಳಿ ರಕ್ತಕಣಗಳು ಎಲಾಸ್ಟೇಸ್ ಅನ್ನೋ ಕಿಣ್ವ ಬಿಡುತ್ತವೆ. ಅದಕ್ಕೆ ತಡೆ ಇಲ್ಲದಿದ್ದರೆ ನಮ್ಮ ಶ್ವಾಸಕೋಶವನ್ನೇ ತಿನ್ನುತ್ತದೆ. ತಡೆಯುವ ಕೆಲಸ ಈ ಪ್ರೋಟೀನಿನದು. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಸೀರಂನ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಪಟ್ಟಿಪಟ್ಟಿಯಾಗಿ ಬೇರ್ಪಡಿಸಿ ನೋಡುವಾಗ, ಕೆಲವರಲ್ಲಿ ಆಲ್ಫಾ-1 ಪಟ್ಟಿಯೇ ಕಾಣದ್ದನ್ನು ಗಮನಿಸಿದರು. ಅವರಲ್ಲಿ ಕೆಲವರ ಶ್ವಾಸಕೋಶ ಆಗಲೇ ಹಾಳಾಗಿತ್ತು.

ಕಲಬುರಗಿಯಲ್ಲಿ ದಾಲ್ ಮಿಲ್ಲಿನ ಧೂಳಿದೆ, ಒಲೆಯ ಹೊಗೆಯಿದೆ. ಯಾರಿಗೇ ದಮ್ಮು ಬಂದರೂ ‘ಬೀಡಿ ಸೇದ್ತೀರಾ?’ ಅಂತ ಕೇಳಿ ಅಲ್ಲಿಗೇ ಬಿಡುತ್ತಾರೆ. ಬೀಡಿ ಮುಟ್ಟದವರಿಗೆ ಚಿಕ್ಕ ವಯಸ್ಸಿಗೇ ದಮ್ಮು ಬಂದರೆ ಈ ಪ್ರೋಟೀನನ್ನೂ ಒಮ್ಮೆ ನೋಡಬೇಕು. ನನಗೆ ಈ ಕೆಲಸ ಮುಖ್ಯ ಅನಿಸುವುದು ಅದಕ್ಕೇ.

ಕಷ್ಟ ಇರುವುದು ತೆಳು ಮಾಡುವುದರಲ್ಲಿ. ಸೀರಂನಲ್ಲಿ ಈ ಪ್ರೋಟೀನು ಲೀಟರಿಗೆ ಹೆಚ್ಚುಕಡಿಮೆ 1ರಿಂದ 2 ಗ್ರಾಂ ಇರುತ್ತದೆ. ಕಿಟ್ ಓದುವುದು ನ್ಯಾನೋಗ್ರಾಂ (ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ) ಲೆಕ್ಕದಲ್ಲಿ. ಹಾಗಾಗಿ 10 ಮೈಕ್ರೋಲೀಟರ್ ಸೀರಂಗೆ 990 ಬಫರ್ (ತೆಳು ಮಾಡುವ ದ್ರಾವಣ). ಅದರಿಂದ 10 ತೆಗೆದು ಮತ್ತೆ 990ಕ್ಕೆ. ಕೊನೆಗೆ 100 ತೆಗೆದು 900ಕ್ಕೆ. ಒಂದು ಲಕ್ಷ ಪಟ್ಟು ಆಯ್ತು. ಸೀರಂ ಸ್ವಲ್ಪ ಅಂಟಂಟು. ದ್ರವ ಅಳೆದು ತೆಗೆಯುವ ಪಿಪೆಟ್ಟಿನ ಟಿಪ್ಪಿನ ಹೊರಗೆ ಒಂದು ಚಿಕ್ಕ ಹನಿ ಅಂಟಿಕೊಂಡು ಬಂದರೂ ಸಾಕು, ಲೆಕ್ಕ ಕೆಟ್ಟಿತು. ನಿಧಾನಕ್ಕೆ ಎಳೆಯಬೇಕು, ಟಿಪ್ಪಿನ ಹೊರಮೈಯನ್ನು ಟಿಶ್ಯೂಗೆ ಒರೆಸಬೇಕು, ಪ್ರತಿ ಹಂತದಲ್ಲೂ ವೋರ್ಟೆಕ್ಸ್ ಮಾಡಬೇಕು (ಯಂತ್ರದ ಮೇಲಿಟ್ಟು ಗಿರಗಿರ ಅಲುಗಿಸಿ ಬೆರೆಸಬೇಕು). ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ. ಬಣ್ಣ ಅಳೆಯುವ ರೀಡರ್ ಒತ್ತುವುದನ್ನು ಯಾರಾದರೂ ಕಲಿಯುತ್ತಾರೆ.

ಆಮೇಲೆ ನಮ್ಮೂರ ಬಿಸಿಲು. ಕಿಟ್ಟಿನ ಪುಸ್ತಕದಲ್ಲಿ ‘ರೂಮ್ ಟೆಂಪರೇಚರ್’ ಅಂದರೆ 18ರಿಂದ 25 ಡಿಗ್ರಿ. ಮೇ ತಿಂಗಳಲ್ಲಿ ಇಲ್ಲಿ ಕರೆಂಟು ಹೋದರೆ ಆ ರೂಮು ಎಲ್ಲಿಂದ ತರೋಣ? ಬಿಸಿ ಜಾಸ್ತಿಯಾದಂತೆ ಬಣ್ಣವೂ ಬೇಗ ಏರುತ್ತದೆ. ಪ್ಲೇಟಿನ 96 ಗುಂಡಿಗಳಲ್ಲಿ ಅಂಚಿನವು ಮೊದಲು ಕಾಯುತ್ತವೆ, ನಡುವಿನವು ಹಿಂದೆ ಉಳಿಯುತ್ತವೆ. ಒಂದೇ ಸೀರಂ, ಎರಡು ಉತ್ತರ. ಬೇಸಿಗೆಯಲ್ಲಿ ನಾನು ಬೆಳಿಗ್ಗೆಯೇ ಪ್ಲೇಟ್ ಹಾಕುತ್ತೇನೆ. ಪ್ರತಿ ಸ್ಯಾಂಪಲ್ಲನ್ನೂ ಎರಡು ಕಡೆ ಹಾಕುತ್ತೇನೆ, ಒಂದು ಅಂಚಿಗೆ, ಒಂದು ಒಳಗೆ. ಎರಡೂ ಹೊಂದದಿದ್ದರೆ ಆ ಅಂಕಿಯನ್ನು ಬರೆಯುವುದಿಲ್ಲ. ಕೊನೆಗೆ ಬಣ್ಣ ಏರುವುದನ್ನು ನಿಲ್ಲಿಸಲು ಆಸಿಡ್ ಹಾಕಿದ ಕೂಡಲೇ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ತಡ ಮಾಡದೆ 450 ನ್ಯಾನೋಮೀಟರ್ ಬೆಳಕಿನಲ್ಲಿ ಓದಬೇಕು.

ಅಂಕಿ ಸರಿಯಾಗಿ ಬಂದರೂ ಕೆಲಸ ಮುಗಿಯಲ್ಲ. ಜ್ವರ, ಸೋಂಕು ಇದ್ದಾಗ ಈ ಪ್ರೋಟೀನು ತಾನೇ ಏರುತ್ತದೆ. ಹುಟ್ಟಿನಿಂದ ಸ್ವಲ್ಪ ಕಡಿಮೆ ಇರುವವರೂ ಆಗ ನಾರ್ಮಲ್ ಕಾಣಬಹುದು. ಅದಕ್ಕೇ ಅದೇ ರಕ್ತದಲ್ಲಿ, ಸೋಂಕು, ಉರಿಯೂತ ಇದ್ದಾಗ ಏರುವ ಇನ್ನೊಂದು ಪ್ರೋಟೀನಾದ ಸಿಆರ್‌ಪಿಯನ್ನೂ ನೋಡುತ್ತೇವೆ. ‘ನಮ್ಮ ತಮ್ಮಂದು ಸುಮ್ನೆ ಒಮ್ಮೆ ನೋಡಿಕೊಡ್ರಿ ಅಕ್ಕಾ’ ಅಂತ ಕೇಳುವವರಿದ್ದಾರೆ. ನಾನು ಕೊಡುವುದಿಲ್ಲ. ನಾವು ಬಳಸುವ ಕಿಟ್ ಸಂಶೋಧನೆಗೆ ಮಾತ್ರ ಅಂತ ಡಬ್ಬಿಯ ಮೇಲೇ ಇದೆ. ಅಂಥವರು ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ, ಆಸ್ಪತ್ರೆಯ ಟೆಸ್ಟನ್ನೇ ಮಾಡಿಸಲಿ. ಕಡಿಮೆ ಬಂದರೆ ಜೀನ್ ಪರೀಕ್ಷೆಯ ಬಗ್ಗೆಯೂ ಅವರನ್ನೇ ಕೇಳಲಿ.