ವಿಳಾಸ ಯಾಕೆ ಹಾಕಿದೆ?

ಇಲ್ಲಿ ಬಾರ್ಸಿಲೋನಾದಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿ ಹೋದ ವಾರ ಒಂದು ಮಾತು ಕೇಳಿದರು. ಅವತ್ತಿನಿಂದ ಅದು ತಲೆಯಿಂದ ಇಳಿದಿಲ್ಲ.

ಆಗಿದ್ದಿಷ್ಟು. ದೀಪಾವಳಿಗೆ ಊರಿಗೆ ಹೋದಾಗ ಬಾದಾಮಿಯ ಒಂದು ವಿಡಿಯೋ ಮಾಡಿ ಹಾಕಿದ್ದೆ. ಅಗಸ್ತ್ಯ ತೀರ್ಥ, ಆಚೆ ದಂಡೆಯ ಭೂತನಾಥ ಗುಡಿ, ಸಂಜೆ ಬಿಸಿಲಿಗೆ ಕೆಂಡದ ಹಾಗೆ ಕಾಣುವ ಬಂಡೆ, ಬಾಳೆಹಣ್ಣು ಕಸಿದುಕೊಂಡು ಓಡುವ ಮಂಗ. ಜನ ನೋಡಿದರು, ಹಂಚಿಕೊಂಡರು, ನನಗೂ ಸ್ವಲ್ಪ ಕೋಡು ಬಂದಿತ್ತು. ಸರಿ, ಅಜ್ಜಿಗೂ ತೋರಿಸೋಣ ಅಂತ ಮೆಟ್ಟಿಲ ಮೇಲೇ ಫೋನು ಹಿಡಿದೆ. ಮೂರನೇ ಗುಹೆಯಲ್ಲಿ 578ನೇ ಇಸವಿಯ ಶಾಸನ ಇದೆ, ಮಂಗಳೇಶ ಅನ್ನೋ ಚಾಲುಕ್ಯ ರಾಜಕುಮಾರ ಮಾಡಿಸಿದ್ದು, ನಿಮ್ಮ ಸಗ್ರಾದಾ ಫಮೀಲಿಯಾ ಚರ್ಚು ಶುರುವಾಗುವುದಕ್ಕೆ 1300 ವರ್ಷ ಮೊದಲೇ ನಮ್ಮದು ಮುಗಿದಿತ್ತು, ನಿಮ್ಮದನ್ನು 1882ರಿಂದ ಕಟ್ಟುತ್ತಲೇ ಇದ್ದೀರಿ ಅಂತ ನನ್ನ ಹರಕು ಸ್ಪ್ಯಾನಿಷ್‌ನಲ್ಲಿ ಜಂಬ ಕೊಚ್ಚಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಕೆಳಗೆ ನಾನು ಬರೆದಿದ್ದ ಸಾಲುಗಳ ಮೇಲೆ ಬೆರಳಿಟ್ಟು ಇದೇನು ಅಂದರು. ಸ್ಟೇಷನ್ನು ಊರಿನಿಂದ ಎಷ್ಟು ದೂರ, ಎಲ್ಲಿ ಉಳಿಯಬೇಕು, ಎಲ್ಲಿ ಊಟ, ಮ್ಯಾಪಿನ ಲಿಂಕು, ಎಲ್ಲಾ ವಿವರಿಸಿದೆ.

"ಚೆನ್ನಾಗಿದೆ ಮಗಳೇ. ಆದರೆ ವಿಳಾಸ ಯಾಕೆ ಹಾಕಿದೆ?"

ನಗು ಬಂತು. ಆಮೇಲೆ ಸ್ವಲ್ಪ ಬೇಜಾರೂ ಆಯಿತು. ಊರಿನ ಹೆಸರು ಹತ್ತು ಜನಕ್ಕೆ ಗೊತ್ತಾಗಲಿ ಅಂತ ನಾನು ಒದ್ದಾಡಿದರೆ, ಈಕೆ ಯಾಕೆ ಹಾಕಿದೆ ಅಂತಾಳಲ್ಲ!

ಆದರೆ ಅಜ್ಜಿಗೆ ಹಾಗೆ ಕೇಳುವ ಹಕ್ಕಿದೆ. ನಾವಿರುವುದು ಬಾರ್ಸಿಲೋನಾದಲ್ಲಿ, ಪಾರ್ಕ್ ಗ್ವೆಲ್ ಹತ್ತಿರ, ಗುಡ್ಡದ ಇಳಿಜಾರಿನಲ್ಲಿ. ಇಲ್ಲಿ 116 ನಂಬರಿನ ಒಂದು ಪುಟ್ಟ ಬಸ್ಸು ಓಡುತ್ತದೆ. ಕಾಯಿಪಲ್ಯದ ಚೀಲ ಹಿಡಿದ ಮುದುಕ ಮುದುಕಿಯರಿಗೆ ಅದೇ ಗತಿ. ಪಾರ್ಕಿಗೆ ಹೋಗುವ ಪ್ರವಾಸಿಗರೆಲ್ಲ ಅದಕ್ಕೇ ಹತ್ತಲು ಶುರು ಮಾಡಿ, ಊರವರಿಗೆ ಕಾಲಿಡಲೂ ಜಾಗ ಇಲ್ಲದಂತಾಯಿತು. ಜನ ವರ್ಷಗಟ್ಟಲೆ ಜಗಳ ಆಡಿದರು. ಕೊನೆಗೆ 2024ರಲ್ಲಿ ನಗರದ ಆಡಳಿತ ಆ ಬಸ್ಸನ್ನು ಗೂಗಲ್ ಮ್ಯಾಪಿನಿಂದಲೇ ತೆಗೆಸಿತು. ಬಸ್ಸು ಇದೆ, ಮ್ಯಾಪಿನಲ್ಲಿ ಇಲ್ಲ. ಅಜ್ಜಿ ಈಗ ಕುಳಿತುಕೊಂಡು ಹೋಗುತ್ತಾರೆ. ವಿಳಾಸ ಅಳಿಸಿದ್ದರಿಂದ ಸೀಟು ಸಿಕ್ಕವರು ಅವರು.

ಅದೇ ವರ್ಷ ಜುಲೈನಲ್ಲಿ ಇಲ್ಲಿ ಪ್ರತಿಭಟನೆ ಆಯಿತಲ್ಲ, ಹೊರಗೆ ಕೂತು ಊಟ ಮಾಡುತ್ತಿದ್ದ ಪ್ರವಾಸಿಗರಿಗೆ ಆಟಿಕೆ ಪಿಸ್ತೂಲಿನಿಂದ ನೀರು ಹೊಡೆದರಲ್ಲ, ಆ ವಿಡಿಯೋ ಊರಿನ ಗ್ರೂಪಿನಲ್ಲೂ ಬಂದಿತ್ತು. ಎಲ್ಲರೂ ನಕ್ಕಿದ್ದರು. ನನ್ನ ಮಗಳು ಮಾತ್ರ ಗಂಭೀರವಾಗಿ ಕೇಳಿದಳು, "ಅಮ್ಮಾ, ನಾವು ನೀರು ಹೊಡಿಯೋರ ಕಡೆನಾ, ಹೊಡಿಸ್ಕೊಳ್ಳೋರ ಕಡೆನಾ?" ಏನು ಹೇಳಲಿ? ಅವಳಪ್ಪನ ಸಂಬಳ ಬರುವುದೇ ಹೋಟೆಲ್ ಬುಕಿಂಗಿನ ಸಾಫ್ಟ್‌ವೇರಿನಿಂದ.

ಸಿಟ್ಟಿಗೆ ಕಾರಣ ಇದೆ. ಹತ್ತು ವರ್ಷದಲ್ಲಿ ಬಾಡಿಗೆ ಶೇಕಡಾ 68 ಏರಿದೆ ಅಂತ ಮೇಯರ್ ಅವರೇ 2024ರಲ್ಲಿ ಹೇಳಿದರು. ಪ್ರವಾಸಿಗರಿಗೆ ಬಾಡಿಗೆ ಕೊಡುವ ಹತ್ತು ಸಾವಿರಕ್ಕೂ ಜಾಸ್ತಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರಿನೊಳಗೆ ಮುಗಿಸುತ್ತೇವೆ ಅಂತಲೂ ಹೇಳಿದ್ದಾರೆ. ಆಗುತ್ತದೋ ಇಲ್ಲವೋ ನೋಡಬೇಕು. ನಮ್ಮ ಕಟ್ಟಡದ ಬಾಗಿಲ ಪಕ್ಕದಲ್ಲೇ ನಂಬರ್ ಒತ್ತಿ ತೆಗೆಯುವ ಎರಡು ಕೀ ಪೆಟ್ಟಿಗೆ ನೇತಾಡುತ್ತಿವೆ. ರಾತ್ರಿ ಎರಡಕ್ಕೆ ಸೂಟ್‌ಕೇಸಿನ ಗಾಲಿ ಒಂದೊಂದೇ ಮೆಟ್ಟಿಲಿಗೆ ಟಕ್, ಟಕ್ ಅಂತ ಬಡಿಯುತ್ತಾ ನಾಲ್ಕನೇ ಮಹಡಿಗೆ ಏರುತ್ತದೆ. ನಾನು ಎಣಿಸುತ್ತಾ ಮಲಗಿರುತ್ತೇನೆ. ಆ ಫ್ಲ್ಯಾಟಿನಲ್ಲಿ ಮೊದಲು ಅಜ್ಜಿಯ ಗೆಳತಿ ಇದ್ದಳಂತೆ. ಅಜ್ಜಿಯ ಮೊಮ್ಮಗ ಹೋಟೆಲಿನಲ್ಲಿ ರಿಸೆಪ್ಷನಿಸ್ಟ್. ಊರೊಳಗೆ ಬಾಡಿಗೆ ಕಟ್ಟಲಾಗದೆ ದೂರದ ಊರಿನಿಂದ ದಿನಾ ರೈಲಿನಲ್ಲಿ ಬರುತ್ತಾನೆ. ಅನ್ನ ಕೊಟ್ಟಿದ್ದೂ ಪ್ರವಾಸಿ, ಮನೆ ಬಿಡಿಸಿದ್ದೂ ಪ್ರವಾಸಿ.

"92ರಲ್ಲಿ ಒಲಿಂಪಿಕ್ಸ್ ಬಂದಾಗ ನಾವೂ ನಿನ್ನ ಹಾಗೇ ವಿಳಾಸ ಹಾಕಿದ್ವಿ" ಅಂದರು ಅಜ್ಜಿ. "ಬಾಲ್ಕನಿಗೆಲ್ಲ ಬಾವುಟ ಕಟ್ಟಿದ್ವಿ. ಬನ್ನಿ ಬನ್ನಿ ಅಂದ್ವಿ. ಬಂದರು."

ನನ್ನ ವಾದ ಬೇರೆ. ಅಜ್ಜೀ, ನಮ್ಮೂರಿಗೆ ಜನ ಬಂದರೂ ಉಳಿಯುವುದಿಲ್ಲ. ಹೊಸಪೇಟೆ ಕಡೆಯಿಂದಲೋ ಹುಬ್ಬಳ್ಳಿ ಕಡೆಯಿಂದಲೋ ಕಾರಿನಲ್ಲಿ ಬರುತ್ತಾರೆ, ಬೆಳಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ, ಕತ್ತಲಾಗುವಷ್ಟರಲ್ಲಿ ಟೋಲ್ ದಾಟಿರುತ್ತಾರೆ. ಪಟ್ಟದಕಲ್ಲು 1987ರಲ್ಲೇ ಯುನೆಸ್ಕೋ ಪಟ್ಟಿ ಸೇರಿದೆ. ಆದರೂ ಅಲ್ಲಿ ರಾತ್ರಿ ಉಳಿದವರನ್ನು ನಾನಂತೂ ಕಂಡಿಲ್ಲ. ಗುಹೆಯ ಟಿಕೆಟ್ಟು ನಮಗೆ 25 ರೂಪಾಯಿ, ವಿದೇಶಿಯರಿಗೆ 300. ಅದು ದಿಲ್ಲಿಯ ಖಜಾನೆಗೆ. ಡ್ರೈವರು ಹೊರಗಿನವನು, ಡೀಸೆಲ್ ಹೊರಗಿನದು, ನೀರಿನ ಬಾಟಲಿಯೂ ಹೊರಗಿನದೇ. ಖಾಲಿ ಬಾಟಲಿ ಮಾತ್ರ ನಮ್ಮದು. ಅರ್ಥಶಾಸ್ತ್ರದವರು ಇದಕ್ಕೆ ಲೀಕೇಜ್ ಅನ್ನುತ್ತಾರೆ. ತಳ ತೂತಾದ ಕೊಡ ಅಂದುಕೊಳ್ಳಿ.

ಖರ್ಚು ಮಾತ್ರ ಊರವರ ತಲೆಗೆ. ನಮ್ಮ ಕಾಕಾನ ಮನೆ ಸ್ಮಾರಕದ ಪಕ್ಕದಲ್ಲೇ ಇದೆ. 2010ರ ಕಾಯ್ದೆ ಪ್ರಕಾರ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ಅದರಾಚೆ ಮತ್ತೂ 200 ಮೀಟರ್ ತನಕ ಅನುಮತಿ ಬೇಕು. ಕಾಯ್ದೆ ತಪ್ಪು ಅಂತ ನಾನು ಹೇಳುವುದಿಲ್ಲ, ಅದಿಲ್ಲದಿದ್ದರೆ ಗುಡಿಯ ಗೋಡೆಗೇ ಅಂಗಡಿ ಅಂಟಿಕೊಳ್ಳುತ್ತಿತ್ತು. ಆದರೆ ಕಾಕಾನ ಮಾಳಿಗೆ ಸೋರುತ್ತದೆ, ರಿಪೇರಿಗೆ ಅರ್ಜಿ ಹಿಡಿದು ಓಡಾಡಿ ಅವನ ಚಪ್ಪಲಿ ಸವೆದಿದೆ. ಐಹೊಳೆಯಲ್ಲಂತೂ ಜನ ಗುಡಿಯೊಳಗೇ ಸಂಸಾರ ಮಾಡಿದ್ದವರು. ಲಾಡಖಾನ ಗುಡಿಗೆ ಆ ಹೆಸರು ಬಂದಿದ್ದೇ ಅಲ್ಲಿ ವಾಸವಿದ್ದವನಿಂದ. ಈಗ ಇಡೀ ಊರನ್ನೇ ಬೇರೆ ಕಡೆ ಸಾಗಿಸುವ ಮಾತು ಎಷ್ಟು ವರ್ಷದಿಂದ ಕೇಳುತ್ತಿದ್ದೇವೋ.

ಪಾರ್ಕ್ ಗ್ವೆಲ್‌ಗೆ ಅಜ್ಜಿ ಪುಕ್ಕಟೆ ಹೋಗುತ್ತಾರೆ, ಊರವರು ಅಂತ ಹೆಸರು ನೋಂದಾಯಿಸಿದ್ದಾರೆ. ಕಾಕಾ ತನ್ನ ಮನೆ ಕಟ್ಟೆಯಿಂದ ಕಾಣುವ ಗುಹೆಗೆ ಹೋಗಬೇಕಾದರೆ 25 ರೂಪಾಯಿ ಕೊಡಬೇಕು. ಕೊಟ್ಟು ಹೋಗಿದ್ದು ನಾನು ಕಂಡಿಲ್ಲ ಬಿಡಿ.

ಇನ್ನೊಬ್ಬ ಸಂಬಂಧಿಕ ಎರಡು ಎಕರೆ ರಸ್ತೆ ಪಕ್ಕದ ಹೊಲ ಮಾರಿದ. ಈಗ ಅಲ್ಲಿ ರೆಸಾರ್ಟು, ಅದರ ಗೇಟಿನಲ್ಲಿ ಅವನೇ ವಾಚ್‌ಮನ್. ಪಾಪ ಅಂತ ನಾನು ಮುಖ ಸಣ್ಣ ಮಾಡಿದರೆ ಅವನೇ ಬೈದ. "ಏನ್ ಪಾಪವಾ? ಒಂದನೇ ತಾರೀಖಿಗೆ ಪಗಾರ ಬರ್ತೈತಿ. ಮುಗಲ ನೋಡೂದ್ ತಪ್ಪೇತಿ ನನಗ." ಇಲ್ಲಿ ಕೂತು ಲೆಕ್ಕ ಹಾಕುವವಳು ನಾನು, ಮಳೆ ಕಾದು ಸೋತವನು ಅವನು.

ನನಗೆ ಗೊತ್ತಿರುವ ಹಾಗೆ ಬಂದವರ ದುಡ್ಡು ಸೋರದೆ ಕೈಗೆ ಸಿಗುವ ಒಂದು ಜಾಗ ಇದೆ. ಬನಶಂಕರಿ ಗುಡಿಯ ಹೊರಗೆ. ಅಲ್ಲಿ ನಮ್ಮ ಚಿಗವ್ವ ಬುಟ್ಟಿ ಹೊತ್ತು ತಂದು ಊಟ ಮಾರುತ್ತಾಳೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಝುಣಕ, ಕೆಂಪು ಚಟ್ನಿ, ಗಡಿಗೆಯಲ್ಲಿ ಮೊಸರು. ಜೋಳ ನಮ್ಮ ಹೊಲದ್ದು, ಮೊಸರು ಪಕ್ಕದ ಮನೆಯದ್ದು, ಗಡಿಗೆ ಕುಂಬಾರರದ್ದು. ಗಿರಾಕಿ ಕೂತ ಮೇಲೆ ಬಟ್ಟೆ ಬಿಚ್ಚಿ ಮೊದಲು ರೊಟ್ಟಿ ಎತ್ತಿ ತೋರಿಸುತ್ತಾಳೆ, ನೋಡು ಹೆಂಗದಾವ ಅನ್ನುವ ಹಾಗೆ. ಬನದ ಹುಣ್ಣಿಮೆ ಜಾತ್ರೆಯಲ್ಲಿ, ನಾಟಕ ಕಂಪನಿಗಳು ಬೀಡುಬಿಟ್ಟಾಗ, ಕಟ್ಟಿಗೆಯ ಬಾಗಿಲು ಚೌಕಟ್ಟು ಕೊಳ್ಳಲು ಜನ ಬಂದಾಗ, ಅವಳ ಬುಟ್ಟಿ ದಿನಕ್ಕೆ ಎರಡು ಸಲ ಖಾಲಿ. ಚಿಕ್ಕವಳಿದ್ದಾಗ ನಾನೂ ನೀರಿನ ತಂಬಿಗೆ ಹಿಡಿದು ಅವಳ ಪಕ್ಕ ಕೂತಿದ್ದೇನೆ, ನಾಟಕದ ಹಾರ್ಮೋನಿಯಂ ಕೇಳುತ್ತಾ ಅಲ್ಲೇ ನಿದ್ದೆ ಹೋಗಿದ್ದೇನೆ. ಜಾತ್ರೆಗೆ ಬಂದವರನ್ನು ಟೂರಿಸ್ಟ್ ಅಂತ ಯಾರೂ ಕರೆಯುತ್ತಿರಲಿಲ್ಲ, ಪರ ಊರಿನ ಮಂದಿ ಅಂತಿದ್ದರು.

ಭಾನುವಾರ ಫೋನ್ ಮಾಡಿ ಕೇಳಿದೆ. "ಚಿಗವ್ವಾ, ನನ್ನ ವಿಡಿಯೋ ನೋಡಿ ಯಾರರ ಬಂದಿದ್ರೇನು?"

"ಬಂದಿದ್ರವಾ, ಬೆಂಗಳೂರಿನ ಹುಡುಗ್ರು. ಬಾಳ ಹೊಗಳಿದ್ರು. ರೊಕ್ಕಾ ಮಾತ್ರ ಫೋನಿನ್ಯಾಗ ಕೊಟ್ರು."

"ಒಳ್ಳೇದಾತಲ್ಲ?"

"ಏನ್ ಒಳ್ಳೇದು? ಆ ಸ್ಕ್ಯಾನರ್ ನಿಮ್ಮ ತಮ್ಮನ ಅಕೌಂಟಿಗೆ ಐತಿ. ನೋಟು ಕೊಟ್ರ ನನ್ನ ಸೆರಗಿನ ಗಂಟಿನ್ಯಾಗ ಇರ್ತೈತಿ. ಫೋನು ಟಣ್ ಅಂದ್ರ ಅವನ ಪೆಟ್ರೋಲಿಗೆ ಹೋತು."

ಅಜ್ಜಿಗೆ ಇದನ್ನು ಹೇಳಿದಾಗ ಮೆಟ್ಟಿಲ ಮೇಲೆ ಕೂತು ಕೆಮ್ಮು ಬರುವಷ್ಟು ನಕ್ಕರು. ವಿಳಾಸ ತೆಗೀತೀಯಾ ಅಂತ ಆಮೇಲೆ ಕೇಳಲಿಲ್ಲ. ನಾನೂ ತೆಗೆಯಲಿಲ್ಲ. ಅದರ ಕೆಳಗೆ ಒಂದು ಸಾಲು ಸೇರಿಸಿದೆ: ಬನಶಂಕರಿಯಲ್ಲಿ ಊಟ ಮಾಡಿ, ಬರುವಾಗ ಚಿಲ್ಲರೆ ನೋಟು ತನ್ನಿ.